ಅಣ್ಣನ ಫ್ಲೆಕ್ಸಿಗೆ ದೀಪ

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾದವರಿಗೆ ಬೇಸಿಗೆ ರಜೆ ಎಂಬುದಿಲ್ಲ. ಮೇ ತಿಂಗಳ ಬಿಸಿಲಲ್ಲಿ ಊರಿನ ಹುಡುಗರೆಲ್ಲ ತುಂಗಭದ್ರೆಯಲ್ಲಿ ಬಿದ್ದುಕೊಂಡಿದ್ದರೆ, ನಾವೊಂದಿಷ್ಟು ಜನ ಹರಿಹರದ ನಮ್ಮ ಹೈಸ್ಕೂಲಿನ ಮೂಲೆ ಕೋಣೆಯಲ್ಲಿ ಕೂತು, ತಿಂಗಳ ಕೊನೆಯ ಮರುಪರೀಕ್ಷೆಗೆಂದು ವೃತ್ತಕ್ಕೆ ಸ್ಪರ್ಶಕ ಎಳೆಯುತ್ತಿದ್ದೆವು. ಫ್ಯಾನು ತಿರುಗುತ್ತಿರಲಿಲ್ಲ. ಗಣಿತದ ಬಸವಪ್ರಭು ಸರ್ ಮಾತ್ರ ಬೆಂಚಿನಿಂದ ಬೆಂಚಿಗೆ ತಿರುಗುತ್ತಿದ್ದರು. ಶಾಲೆಯ ಫಲಿತಾಂಶ ಕೆಡಿಸಿದ ಪುಣ್ಯಾತ್ಮರು ಎಂದು ನಮಗೆ ದಿನಾ ಮಂಗಳಾರತಿ ಆಗುತ್ತಿತ್ತು. ನನಗೂ ನನ್ನ ಪಕ್ಕದ ಸಿಮ್ರಾನ್‌ಗೂ ಅದು ಸ್ವಲ್ಪ ಹೆಚ್ಚೇ ಸಿಗುತ್ತಿತ್ತು. ಫೇಲಾದ ಮೇಲೂ ನಾವಿಬ್ಬರು ನಗುವುದನ್ನು ಬಿಟ್ಟಿರಲಿಲ್ಲ, ಅದನ್ನು ಅವರಿಗೆ ಸಹಿಸಲಾಗುತ್ತಿರಲಿಲ್ಲ.

ಆಮೇಲೆ ಯುದ್ಧ ಶುರುವಾಯಿತು. ಬೆಳಿಗ್ಗೆ ಎದ್ದರೆ ಟೀವಿಯ ತುಂಬ ವಿಮಾನ, ಬೆಂಕಿ, ಕೆಂಪು ಅಕ್ಷರ. ಆ ದಿನ ಕ್ಲಾಸಿಗೆ ಕಾಲಿಟ್ಟ ಕೂಡಲೇ ಸರ್ ನನ್ನನ್ನು ಕರೆದು ಎಲ್ಲರ ಮುಂದೆ ನಿಲ್ಲಿಸಿದರು. ನಾನು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ.

"ಈ ಆಶಾ ಯಾರು ಗೊತ್ತೇನ್ರೋ? ನಮ್ ರೇವಂತನ ತಂಗಿ. ನನ್ನ ಶಿಷ್ಯ ಅವ್ನು. ಇವತ್ತು ಗಡಿಯಾಗೆ ನಿಂತಾನೆ. ಚಪ್ಪಾಳೆ ಹೊಡೀರಿ" ಅಂದರು.

ಎಲ್ಲರೂ ಹೊಡೆದರು. ನನಗೆ ಮೈ ಉರಿಯಿತು. ನಮ್ಮಣ್ಣ ಇದೇ ಕೋಣೆಯಲ್ಲಿ ಓದಿದವನು. ನೀನು ಎಮ್ಮೆ ಕಾಯೋಕೂ ಲಾಯಕ್ಕಿಲ್ಲ ಎಂದು ಇದೇ ಸರ್ ಅವನನ್ನು ಬಿಸಿಲಲ್ಲಿ ನಿಲ್ಲಿಸಿದ್ದು ಅವನೇ ಹೇಳಿಕೊಂಡು ನಗುತ್ತಿದ್ದ ಸಂಗತಿ. ಜಮ್ಮು ಕಡೆಗೆ ಬಂದೂಕು ಹಿಡಿದು ಹೋದ ಮೇಲೆ ಅವನು ಶಿಷ್ಯನಾದ.

ಅಣ್ಣ ಕೊನೆಯ ಸಲ ಫೋನ್ ಮಾಡಿದಾಗ ಮಾತು ಚುಟುಕಾಗಿತ್ತು. "ಇನ್ಮ್ಯಾಲೆ ಫೋನ್ ಆಗಲ್ಲ. ನೀವೂ ಮಾಡಬ್ಯಾಡ್ರಿ, ನಾನೇ ಮಾಡ್ತೀನಿ" ಅಂದಿದ್ದ. ಅಂದಿನಿಂದ ನಮ್ಮವ್ವ ಚೌಡವ್ವ ಆ ಬಟನ್ ಫೋನನ್ನು ಎಲೆಯಡಿಕೆ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. ಅಪ್ಪ ಭತ್ತದ ಕೊಯ್ಲಿನಲ್ಲಿ ಮುಳುಗಿದ್ದ. ಅವ್ವ ದಿನಾ ದಾವಣಗೆರೆ ಮಾರ್ಕೆಟ್ಟಿಗೆ ಸೊಪ್ಪು ಒಯ್ದು ಸಂಜೆ ಬಸ್ಸಿಗೆ ಬರುತ್ತಿದ್ದಳು. ಸ್ವಲ್ಪ ದಿನ ಮನೆಯಲ್ಲಿರು ಅಂದರೆ, "ಮನ್ಯಾಗೆ ಕುಂತ್ರೆ ಟೀವಿ ನನ್ನ ಕೊಲ್ತೈತೆ" ಅನ್ನುತ್ತಿದ್ದಳು. ಊಟಕ್ಕೆ ಕೂತಾಗ ಅವಳ ಕೈ ತುತ್ತಿಗಿಂತ ಹೆಚ್ಚು ಸಲ ಆ ಚೀಲದ ಮೇಲೆ ಹೋಗುತ್ತಿತ್ತು. ನನಗೂ ಹೆದರಿಕೆಯಾಗುತ್ತಿತ್ತು. ಹೇಳಿದರೆ ಅದು ನಿಜವಾಗಿಬಿಡುತ್ತದೇನೋ ಎಂದು ಹೇಳುತ್ತಿರಲಿಲ್ಲ.

ಶಾಲೆಯಲ್ಲಿ ಸರ್‌ಗೆ ಹುರುಪು ಬಂದಿತ್ತು. ವಿಮಾನದಾಳಿಯ ತಾಲೀಮು ಎಂದು ಲೆಕ್ಕದ ನಡುವೆ ಇದ್ದಕ್ಕಿದ್ದಂತೆ ಸೀಟಿ ಊದುತ್ತಿದ್ದರು. ಊದಿದ ಕೂಡಲೇ ನಾವು ಬೆಂಚಿನ ಕೆಳಗೆ ತೂರಿ, ಕಿವಿ ಮುಚ್ಚಿ, ತಲೆ ತಗ್ಗಿಸಿ ಕೂರಬೇಕು. ಮೊದಮೊದಲು ಸಿಮ್ರಾನ್ ಮತ್ತು ನಾನು ಅಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು. ಬೆಂಚಿನ ಕೆಳಗೆ ಯಾರ‍್ಯಾರು ಚೂಯಿಂಗ್ ಗಮ್ ಅಂಟಿಸಿದ್ದಾರೆ ಎಂಬುದರ ಪೂರ್ಣ ಪರಿಚಯ ನಮಗಾಯಿತು.

ಆದರೆ ಊರಿನ ಗಾಳಿ ಬದಲಾಗುತ್ತಿತ್ತು. ಬಾತಿ ಗುಡ್ಡದ ಮೇಲೆ ವೈರಿಯ ಡ್ರೋನ್ ಹಾರಿತು ಎಂದು ಒಂದು ದಿನ ವಾಟ್ಸಾಪಿನಲ್ಲಿ ಬಂತು. ಜನ ದೊಣ್ಣೆ ಹಿಡಿದು ಓಡಿದರಂತೆ. ನೋಡಿದರೆ ಮದುವೆಯ ಫೋಟೋ ತೆಗೆಯುವವನು. ಅವನಿಗೆ ನಾಲ್ಕು ಬಿಗಿದು, ಡ್ರೋನ್ ಒಡೆದು, ಆಮೇಲೆ ಅವನ ಜೊತೆಗೇ ನಿಂತು ಸೆಲ್ಫಿ ತೆಗೆದುಕೊಂಡರಂತೆ. ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ಸಿಮ್ರಾನ್ ನಗಲಿಲ್ಲ. ನಮ್ಮ ಮುಂದಿನ ಬೆಂಚಿನವರು ಅಷ್ಟು ಹೊತ್ತಿಗೆ ಜಾಗ ಬದಲಿಸಿದ್ದರು. "ಯುದ್ಧಕ್ಕೆ ನಿಮ್ಮೋರು ಏನಂತಾರೆ?" ಎಂದು ಒಬ್ಬಳು ಅವಳನ್ನು ಕೇಳಿದಳು.

"ನಮ್ಮೋರು ಅಂದ್ರೆ ನಮ್ಮಪ್ಪಾನಾ? ಇಂಕಿನ ರೇಟ್ ಜಾಸ್ತಿ ಆಗೈತೆ ಅಂತಾರೆ" ಅಂದಳು ಸಿಮ್ರಾನ್. ಅವಳಪ್ಪ ಮಸ್ತಾನಸಾಬ್ ಶಾಲೆಯ ಹಿಂದಿನ ಬೀದಿಯಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ರಜೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಫ್ಲೆಕ್ಸ್ ಡಿಸೈನ್ ಮಾಡುತ್ತಿದ್ದವಳು ಇವಳೇ.

ನಮ್ಮ ಊರುಗಳಲ್ಲಿ ಹುಟ್ಟಿದರೂ ಫ್ಲೆಕ್ಸ್, ಗೆದ್ದರೂ ಫ್ಲೆಕ್ಸ್, ಸತ್ತರೂ ಫ್ಲೆಕ್ಸ್. ಓದು ಬಾರದವರಿಗೂ ಯಾವುದು ಯಾವುದೆಂದು ದೂರದಿಂದಲೇ ತಿಳಿಯುತ್ತದೆ. ಬದುಕಿದವನ ಫ್ಲೆಕ್ಸಿನಲ್ಲಿ ಬಣ್ಣ ಜಾಸ್ತಿ, ಕೂಲಿಂಗ್ ಗ್ಲಾಸು, ಕೆಳಗೆ ಹಿತೈಷಿಗಳ ಸಾಲು ಸಾಲು ಮುಖ. ಸತ್ತವನದ್ದರಲ್ಲಿ ಒಬ್ಬನೇ ಇರುತ್ತಾನೆ, ಪಕ್ಕದಲ್ಲಿ ದೀಪ ಉರಿಯುತ್ತಿರುತ್ತದೆ.

ಶುಕ್ರವಾರ ಕ್ಲಾಸ್ ಮುಗಿದ ಮೇಲೆ ಬಸವಪ್ರಭು ಸರ್ ನಮ್ಮಿಬ್ಬರನ್ನೂ ಕರೆದುಕೊಂಡು ಮಸ್ತಾನಸಾಬರ ಅಂಗಡಿಗೆ ಹೋದರು. ಶಾಲೆಯ ಪರವಾಗಿ ಅಣ್ಣನ ಫ್ಲೆಕ್ಸ್ ಆಗಬೇಕಂತೆ. ಆಫೀಸಿನ ಹಳೇ ಫೈಲಿನಿಂದ ಅವನ ಪಾಸ್‌ಪೋರ್ಟ್ ಫೋಟೋ ತಂದಿದ್ದರು. ಮಸ್ತಾನಸಾಬ್ ಸಾಮಾನು ತರಲು ದಾವಣಗೆರೆಗೆ ಹೋಗಿದ್ದರು. ಸಿಮ್ರಾನ್ ಕೂತು ಮೂರು ಬಣ್ಣದ ಹಿನ್ನೆಲೆ ಹಾಕಿ, "ನಮ್ಮ ಶಾಲೆಯ ಹೆಮ್ಮೆ, ವೀರ ಯೋಧ ರೇವಂತ್" ಎಂದು ಬರೆದಳು. ಚೆನ್ನಾಗಿತ್ತು.

ಸರ್‌ಗೆ ಸಾಲಲಿಲ್ಲ. "ಇದು ಯಾರದೋ ಬರ್ತ್‌ಡೇ ಇದ್ದಂಗೈತೆ. ಆ ಬಣ್ಣ ತೆಗಿ, ಕಪ್ಪು ಹಾಕು. ಪಕ್ಕದಾಗೆ ಒಂದು ಜ್ಯೋತಿ ಇಡು. ದೊಡ್ಡ ದೊಡ್ಡ ಕಡೆ ಯೋಧರ ಮುಂದೆ ಉರಿಸ್ತಾರಲ್ಲ, ಆ ಥರ" ಅಂದರು.

ಸಿಮ್ರಾನ್ ನನ್ನ ಮುಖ ನೋಡಿದಳು. ನಾನು, "ಸರ್, ದೀಪ ಬ್ಯಾಡ" ಅಂದೆ.

"ಯಾಕ?"

"ದೀಪ ಇಟ್ರೆ ಬೇರೆ ಥರ ಕಾಣ್ತೈತೆ ಸರ್."

"ಇಬ್ರೂ ಗಣಿತ ಫೇಲು. ನಂಗೆ ಬುದ್ಧಿ ಹೇಳ್ತೀರಾ? ಗೌರವ ಅಂದ್ರೆ ಹೆಂಗಿರ್ತೈತೆ ಅಂತ ನಂಗೊತ್ತು. ಇಡಮ್ಮ ನೀನು" ಅಂದರು. ಅವಳು ಇಟ್ಟಳು. ಇಡದೆ ಏನು ಮಾಡುತ್ತಾಳೆ? ಪರೀಕ್ಷೆ ಮುಗಿಯುವವರೆಗೂ ಅವರ ಮುಂದೆಯೇ ಕೂರಬೇಕಲ್ಲ. ಎಲ್ಲ ಫ್ಲೆಕ್ಸಿಗೂ ಹಾಕುವಂತೆ ಕೆಳಗಿನ ಮೂಲೆಯಲ್ಲಿ ಅಂಗಡಿಯ ಹೆಸರು, ಫೋನ್ ನಂಬರ್ ಸೇರಿಸಿದಳು. ಸೋಮವಾರ ಕಟ್ಟೋಣ ಎಂದು ಸರ್ ಹೇಳಿದ್ದರಿಂದ, ಭಾನುವಾರ ಅಪ್ಪನನ್ನು ಕರೆತಂದು ಅದನ್ನು ತಡೆಯಬಹುದು ಎಂದು ನಾನು ಲೆಕ್ಕ ಹಾಕಿದ್ದೆ.

ನನ್ನ ಲೆಕ್ಕ ಯಾವತ್ತು ಸರಿಯಾಗಿದೆ? ಶನಿವಾರ ಸಂಜೆ ಕದನ ನಿಂತಿತು ಎಂದು ಟೀವಿಯಲ್ಲಿ ಬಂತು. ಊರಿನವರೆಲ್ಲ ಬಾವುಟ ಹಿಡಿದು ಶಾಲೆಯ ಮುಂದಿನ ಸರ್ಕಲ್ಲಿಗೆ ಸೇರಿದರು, ಪಟಾಕಿ ಹೊಡೆದರು. ಇಷ್ಟು ಜನ ಮತ್ತೆ ಸಿಗುವುದಿಲ್ಲ ಎಂದು ಸರ್ ಅವಸರದಲ್ಲಿ ಫ್ಲೆಕ್ಸ್ ತರಿಸಿ ಅಲ್ಲೇ ಕಂಬಕ್ಕೆ ಕಟ್ಟಿಸಿದರು. ಸುದ್ದಿ ತಿಳಿದು ನಾನು ಮನೆಯಿಂದ ಓಡಿ ಬರುವಷ್ಟರಲ್ಲಿ ದಾವಣಗೆರೆ ಬಸ್ಸು ಬಂದು ನಿಂತಿತ್ತು.

ಅವ್ವ ಖಾಲಿ ಬುಟ್ಟಿ ಹಿಡಿದು ಇಳಿದಳು. ತಲೆ ಎತ್ತಿ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ, ಓದುವ ಅಗತ್ಯವೂ ಇರಲಿಲ್ಲ. ಕಪ್ಪು ಹಿನ್ನೆಲೆ, ಒಬ್ಬನೇ ಮಗ, ಪಕ್ಕದಲ್ಲಿ ದೀಪ. ಬುಟ್ಟಿಯನ್ನು ಹುಷಾರಾಗಿ ಕೆಳಗಿಟ್ಟು ರಸ್ತೆಯ ಮೇಲೆ ಕೂತುಬಿಟ್ಟಳು. ನಾನು ಹೋಗಿ ಹಿಡಿದುಕೊಂಡು, "ಅವ್ವ, ಅಣ್ಣಗೆ ಏನೂ ಆಗಿಲ್ಲ, ಇದು ಬರೀ ಫ್ಲೆಕ್ಸು" ಎಂದು ಎಷ್ಟು ಹೇಳಿದರೂ ಅವಳ ಕಣ್ಣು ಆ ದೀಪದಿಂದ ಕದಲಲಿಲ್ಲ.

ತಾಯಿ ಕುಸಿದದ್ದನ್ನು ಕಂಡ ಜನ ಫ್ಲೆಕ್ಸ್ ನೋಡಿದರು. "ರೇವಂತ್ ಹೋದನಂತೆ" ಎಂಬ ಮಾತು ನನ್ನ ಎದುರೇ ಒಬ್ಬರಿಂದ ಒಬ್ಬರಿಗೆ ದಾಟಿತು. ಪಟಾಕಿ ನಿಂತಿತು. ಸುತ್ತಲಿನ ಅಂಗಡಿಯವರು ಒಬ್ಬೊಬ್ಬರಾಗಿ ಬಾಗಿಲು ಎಳೆದರು. ಅಮರ್ ರಹೇ ಎಂದು ಯಾರೋ ಶುರು ಮಾಡಿದರು, ಎಲ್ಲರೂ ಸೇರಿಸಿದರು.

ಸರ್ ಜನರ ನಡುವೆ ನುಗ್ಗಿ ಬಂದರು. "ಇಲ್ರಿ, ಸತ್ತಿಲ್ಲ. ಇದು ಗೌರವಕ್ಕೆ ಹಾಕ್ಸಿದ್ದು" ಅಂದರು. ಬಾವುಟ ಹಿಡಿದ ಒಬ್ಬ ದಪ್ಪ ಮನುಷ್ಯ ಅವರ ಮುಂದೆ ಬಂದು ನಿಂತ.

"ಸತ್ತಿಲ್ಲ ಅಂದ್ರೆ ದೀಪ ಯಾರು ಇಟ್ಟಿದ್ದು?"

ಸರ್ ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು. ಆ ಮನುಷ್ಯ ಬಗ್ಗಿ, ಮೊಬೈಲ್ ಬೆಳಕು ಬಿಟ್ಟು, ಫ್ಲೆಕ್ಸಿನ ಮೂಲೆಯನ್ನು ಓದಿದ. "ಮಸ್ತಾನ್ ಡಿಜಿಟಲ್" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

"ಓ, ಹಂಗೆ" ಅಂದ ಇನ್ನೊಬ್ಬ.

ನಾನು ಎದ್ದು ನಿಂತೆ. "ದೀಪ ಇಡಿಸಿದ್ದು ಸರ್. ನಾನು ಅಲ್ಲೇ ಇದ್ದೆ. ಬ್ಯಾಡ ಅಂದ್ರೂ ಇಡಿಸಿದ್ರು" ಅಂದೆ.

ಸರ್ ನನ್ನ ತಲೆಯ ಮೇಲೆ ಕೈಯಿಟ್ಟರು. "ಪಾಪ, ಹುಡುಗಿಗೆ ಗಾಬರಿ ಆಗೈತೆ. ಯಾರಾದ್ರೂ ನೀರು ಕೊಡ್ರಿ" ಅಂದರು, ಬಹಳ ಮೆತ್ತಗೆ. ಆ ಕೈಯನ್ನು ಕಚ್ಚಬೇಕು ಅನ್ನಿಸಿತು. ನೀರು ಬಂತು. ನನ್ನ ಮಾತು ಯಾರಿಗೂ ಬೇಕಾಗಿರಲಿಲ್ಲ.

ಆಗ ಅವ್ವನ ಸೊಂಟದಲ್ಲಿ ಫೋನ್ ಬಡಿದುಕೊಂಡಿತು. ಅವ್ವ ಅಲುಗಲಿಲ್ಲ. ನಾನೇ ಚೀಲದಿಂದ ಕಿತ್ತು ಕಿವಿಗಿಟ್ಟೆ. "ಆಶಾ, ನಾನು" ಅಂದ ಅಣ್ಣ. ಅತ್ತೆನೋ ನಕ್ಕೆನೋ ನೆನಪಿಲ್ಲ. ಸ್ಪೀಕರ್ ಒತ್ತಿ ಅವ್ವನ ಮುಖದ ಹತ್ತಿರ ಹಿಡಿದೆ. "ಯವ್ವಾ" ಎಂದು ಅವನು ಕರೆದ ಮೇಲೆ ಅವಳ ಕಣ್ಣು ದೀಪವನ್ನು ಬಿಟ್ಟು ಫೋನಿಗೆ ಬಂತು. ಎರಡೂ ಕೈಯಿಂದ ನನ್ನ ಮುಂಗೈ ಹಿಡಿದುಕೊಂಡಳು.

ರೇವಂತ್ ಬದುಕಿದ್ದಾನೆ ಎಂದು ಜನ ಕುಣಿದರು, ಸೀಟಿ ಹೊಡೆದರು. ಇಲ್ಲಿಗೆ ಎಲ್ಲ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಆದರೆ ಆ ದಪ್ಪ ಮನುಷ್ಯ ಕಂಬದ ಕಟ್ಟೆ ಹತ್ತಿ ನಿಂತಿದ್ದ.

"ನೋಡಿದ್ರಲ್ಲ? ಬದುಕಿರೋ ಯೋಧನಿಗೆ ದೀಪ ಇಟ್ಟಾನೆ. ಸಾಯ್ಲಿ ಅಂತ ತಾನೆ ಇಟ್ಟಿದ್ದು?" ಎಂದ.

ನಮ್ಮಣ್ಣ ಬದುಕಿದ್ದೇ ಮಸ್ತಾನಸಾಬರ ಮೇಲೆ ಸಾಕ್ಷಿಯಾಯಿತು. ಜನ ಶಾಲೆಯ ಹಿಂದಿನ ಬೀದಿಯ ಕಡೆ ತಿರುಗಿದರು. ಸರ್ ಎಲ್ಲಿ ಎಂದು ನೋಡಿದೆ, ಇರಲಿಲ್ಲ.

"ಅಣ್ಣ, ಇವ್ರಿಗೆ ಹೇಳು. ಸಿಮ್ರಾನ್ ಮನೆ ಕಡೆ ಹೊಂಟಾರೆ. ಬ್ಯಾಡ ಅಂತ ನೀನೇ ಹೇಳು, ನಿನ್ ಮಾತು ಕೇಳ್ತಾರೆ" ಎಂದು ಫೋನನ್ನು ಎತ್ತಿ ಹಿಡಿದೆ. ಅಣ್ಣ ಏನೋ ಹೇಳುತ್ತಿದ್ದ. ಅವನದೇ ಹೆಸರಿನ ಜೈಕಾರದಲ್ಲಿ ಅವನ ಮಾತು ನನಗೂ ಕೇಳಲಿಲ್ಲ. ಅವನ ಹೆಸರು ಕೂಗುತ್ತಲೇ ಜನ ಅವನ ದನಿಯನ್ನು ದಾಟಿ ಹೋದರು.

ಅಲ್ಲಿ ಮೊದಲ ಕಲ್ಲು ಅಂಗಡಿಯ ಶಟರಿಗೆ ಬಿದ್ದ ಸದ್ದು ಕೇಳಿತು. ಆಮೇಲೆ ಇನ್ನೊಂದು. ಶಾಲೆಯ ಕಾಂಪೌಂಡಿನಾಚೆ ಕಾಣುತ್ತಿದ್ದ ಮೇಲಿನ ಮನೆಯ ದೀಪ ಆರಿತು.

"ಏನದು ಸದ್ದು?" ಎಂದ ಅಣ್ಣ. "ಇಲ್ಲಿ ಎಲ್ಲ ನಿಂತೈತೆ ಆಶಾ. ಅಲ್ಲೇನಾಗ್ತೈತೆ? ಹೊರಗೆ ನಿಲ್ಲಬ್ಯಾಡ್ರಿ. ಅವ್ವನ್ನ ಕರ್ಕಂಡು ಗ್ವಾಡೆ ಮರೆಗೆ ಹೋಗು. ತಲೆ ತಗ್ಗಿಸಿ ಕೂಡ್ರಿ."

ಗಡಿಯಲ್ಲಿ ನಿಂತವನು ಹರಿಹರದಲ್ಲಿದ್ದ ನಮಗೆ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ನಾನು ಫೋನನ್ನು ಅವ್ವನ ಕೈಗೆ ಕೊಟ್ಟು ಸಿಮ್ರಾನ್ ಮನೆಯ ಕಡೆ ಓಡಿದೆ.