ನಲವತ್ತು ನಿಮಿಷದ ಊರು

ರಿಯಾದಿನಿಂದಾಚೆ, ಮರಳು ಬಿಟ್ಟರೆ ಮರಳೇ ಇರುವ ಕಡೆ, ಗುಲಾಮ್ ಮುಹಮ್ಮದ್ ಕೆಲಸ ಮಾಡುವ ಕಂಪೆನಿ ಐರ್ಲೆಂಡಿನ ಮಾದರಿಯಲ್ಲಿ ಒಂದು ಊರು ಕಟ್ಟಲು ಹೊರಟಿತ್ತು. ಐರ್ಲೆಂಡೇ ಯಾಕೆ ಎಂದು ಯಾರೂ ಕೇಳಲಿಲ್ಲ. ರಿಯಾದಿನ ಮಲಾಜ್ ಬಡಾವಣೆಯ ಆ ಆಫೀಸಿನಲ್ಲಿ ಪ್ರಶ್ನೆ ಕೇಳುವವರು ಇಬ್ಬರಿದ್ದರು. ಹಿಂದಿನ ವರ್ಷವೇ ಅವರಿಗೆ ಬೀಳ್ಕೊಡುಗೆಯ ಕೇಕ್ ತಿನ್ನಿಸಿ ಊರಿಗೆ ಕಳಿಸಿಯಾಗಿತ್ತು. ಭಟ್ಕಳದ ಗುಲಾಮ್ ಮುಹಮ್ಮದ್ ಹನ್ನೊಂದು ವರ್ಷದಿಂದ ಅಲ್ಲಿ ಬ್ರೋಷರ್ ಬರೆಯುತ್ತಿದ್ದ. ಕೇಳದೆ ಬರೆಯುತ್ತಾನೆ ಎಂಬ ಒಂದೇ ಗುಣಕ್ಕೆ ಅವನ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ವರ್ಷ ವರ್ಷವೂ ನವೀಕರಣವಾಗುತ್ತಿತ್ತು.

ಊರಿನ ನಕ್ಷೆ ತಂದವನು ಡರ್ಮಟ್ ಎಂಬ ಐರಿಷ್ ಸಲಹೆಗಾರ. ಮೀಟಿಂಗಿನಲ್ಲಿ ಅವನು ತನ್ನ ಹುಟ್ಟೂರು ಬ್ಯಾಲಿಡೂರನ್ನಿನ ಚಿತ್ರಗಳನ್ನು ತೋರಿಸಿದ. ಸಾವಿರದ ಇನ್ನೂರು ವರ್ಷದ ಹಿಂದೆ ಅಲ್ಲಿ ಸನ್ಯಾಸಿಗಳು ಮಠ ಕಟ್ಟಿದರಂತೆ. ಕಡಲ್ಗಳ್ಳರು ಬಂದು ಸುಟ್ಟರು. ಮತ್ತೆ ಕಟ್ಟಿದರು, ಮತ್ತೆ ಸುಟ್ಟರು. ಆಮೇಲೆ ಕೋಟೆ ಬಂತು, ಕಾಲುವೆ ಬಂತು, ಹಿಟ್ಟಿನ ಗಿರಣಿ ಬಂತು, ರೈಲು ಬಂತು. ಗಿರಣಿ ಮುಚ್ಚಿದ ಮೇಲೆ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು, ಊರು ನೂರು ವರ್ಷ ಆಕಳಿಸುತ್ತ ಕೂತಿತು. ಕೊನೆಗೆ ಡಬ್ಲಿನ್ ನಗರದಲ್ಲಿ ಮನೆ ಸಿಗದವರೆಲ್ಲ ಬಂದು ಒಂದೇ ಅಚ್ಚಿನ ಆರು ಸಾವಿರ ಮನೆಗಳಲ್ಲಿ ತುಂಬಿಕೊಂಡರು. ಬೆಳಿಗ್ಗೆ ರೈಲಿನಲ್ಲಿ ನಗರಕ್ಕೆ ಹೋಗುವುದು, ಸಂಜೆ ಬಂದು ಮಲಗುವುದು, ಶನಿವಾರ ಮಳೆಯಲ್ಲಿ ನಿಂತು ಮಕ್ಕಳ ಆಟ ನೋಡುವುದು. ಸಾವಿರದ ಇನ್ನೂರು ವರ್ಷ ಪಟ್ಟ ಪಾಡಿಗೆ ಸಿಕ್ಕ ಫಲ ಇಷ್ಟು.

ಮುದೀರ್ ಅಬೂ ರಾಕಾನ್‌ಗೆ ಕಣ್ಣು ತುಂಬಿ ಬಂತು. ಮುದೀರ್ ಎಂದರೆ ಕಂಪೆನಿಯ ದೊಡ್ಡ ಖುರ್ಚಿಯ ಯಜಮಾನ. ಕಣ್ಣು ಬೇಗ ತುಂಬುತ್ತಿತ್ತು, ಬೇಗ ಒಣಗುತ್ತಿತ್ತು.

"ಗುಲಾಮ್, ನಮ್ಮ ಊರಿಗೂ ಇಂಥದೇ ಒಂದು ಚರಿತ್ರೆ ಬೇಕು. ಭಾನುವಾರದೊಳಗೆ," ಎಂದ.

ಹೊಸ ಊರಿಗೆ ಅವರು ಇಟ್ಟ ಹೆಸರು ಮದೀನತ್ ಅಲ್-ಹುದೂ. ಕನ್ನಡದಲ್ಲಿ ಹೇಳುವುದಾದರೆ ಶಾಂತಿನಗರ. ಅಲ್ಲಿ ಚರಿತ್ರೆ ಎಂದು ಇದ್ದದ್ದು ಬತ್ತಿದ ಒಂದು ಬಾವಿ, ಮೂರು ಜಾಲಿ ಮರ, ಮುಚ್ಚಿಹೋದ ಪೆಟ್ರೋಲ್ ಬಂಕ್. ಬಂಕಿನ ನೆರಳಲ್ಲಿ ಲಾರಿ ಡ್ರೈವರುಗಳು ಚಹಾ ಕುಡಿಯುತ್ತಿದ್ದರು. ಗುಲಾಮ್ ಮುಹಮ್ಮದ್ ಅದನ್ನು "ತಲೆಮಾರುಗಳಿಂದ ದಣಿದ ಪಯಣಿಗರು ವಿಶ್ರಮಿಸಿದ ತಾಣ" ಎಂದು ಬರೆದ. ಬ್ಯಾಲಿಡೂರನ್ನಿನ ಮಠವನ್ನು ಕೈಬಿಟ್ಟ, ಮಳೆಯನ್ನು ಒರೆಸಿ ಹಾಕಿದ, ಹೆಂಡದಂಗಡಿಯನ್ನು ಕಾಫಿ ಮನೆ ಮಾಡಿದ. ಕಡಲ್ಗಳ್ಳರ ಜಾಗ ಮಾತ್ರ ಖಾಲಿ ಉಳಿಯಿತು. ಅಲ್ಲಿ ಕಂಪೆನಿಯ ಆಡಳಿತ ಮಂಡಳಿಯ ಫೋಟೋ ಹಾಕಿದರು.

ಇನ್ನು ದಾರಿಯ ಲೆಕ್ಕ ಉಳಿದಿತ್ತು. ನಗರಕ್ಕೆ ಎಷ್ಟು ನಿಮಿಷ ಎಂದು ಬರೆಯಬೇಕಲ್ಲ, ಅದನ್ನಾದರೂ ಸುಳ್ಳು ಬರೆಯಬಾರದು ಎಂದು ಗುಲಾಮ್ ಮುಹಮ್ಮದನಿಗೆ ಅನಿಸಿತು. ಕಂಪೆನಿಯ ಡ್ರೈವರ್ ಝುಹೈರನನ್ನು ಕರೆದುಕೊಂಡು, ಕೈಯಲ್ಲಿ ಗಡಿಯಾರ ಹಿಡಿದು ಸ್ವತಃ ಹೋದ. ರಜೆ ಇದ್ದದ್ದು ಶುಕ್ರವಾರ. ಹೋದದ್ದೂ ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ. ಆ ಹೊತ್ತಿನಲ್ಲಿ ರಿಯಾದಿನ ರಸ್ತೆಯಲ್ಲಿ ಬೆಕ್ಕು ಕೂಡ ಇರುವುದಿಲ್ಲ. ನಲವತ್ತೊಂದು ನಿಮಿಷವಾಯಿತು. ಒಂದು ನಿಮಿಷ ಏನು ಮಹಾ ಎಂದು ನಲವತ್ತು ಎಂದು ಬರೆದ.

ಬ್ರೋಷರ್ ಅಚ್ಚಾಗಿ ಬಂದ ದಿನ ಡರ್ಮಟ್ ಲಿಫ್ಟಿನಲ್ಲಿ ಸಿಕ್ಕಿ ನಲವತ್ತು ನಿಮಿಷದ ಪುಟ ನೋಡಿ ನಕ್ಕ.

"ನಮ್ಮ ಊರಿಗೆ ಮೂವತ್ತೈದು ಅಂತ ಬರೆದಿದ್ದರು. ಒಂದೂವರೆ ಗಂಟೆ ಆಗುತ್ತಿತ್ತು. ಆರು ವರ್ಷ ನನ್ನ ಮಕ್ಕಳನ್ನು ನಾನು ಮಲಗಿದ್ದಾಗಲೇ ನೋಡಿದ್ದು."

"ಹಾಗಾದರೆ ಆರು ಸಾವಿರ ಮನೆ ತುಂಬಿದ್ದು ಹೇಗೆ?"

"ನಿಧಾನವಾಗಿ," ಎಂದು ಡರ್ಮಟ್ ಮೂರನೇ ಮಹಡಿಯಲ್ಲಿ ಇಳಿದುಹೋದ.

ಮನೆಗಳು ಎದ್ದವು. ಬಾಡಿಗೆಗೆ ಯಾರೂ ಬರಲಿಲ್ಲ. ಖಾಲಿ ಊರನ್ನು ತೋರಿಸಿ ಗಿರಾಕಿ ಹಿಡಿಯುವುದು ಕಷ್ಟ ಎಂದು ಅಬೂ ರಾಕಾನ್ ಒಂದು ಉಪಾಯ ಮಾಡಿದ: ಮಲಾಜಿನಲ್ಲಿ ಸಿಬ್ಬಂದಿಗೆ ಕೊಟ್ಟಿದ್ದ ಹಳೆಯ ಫ್ಲ್ಯಾಟ್ ಬಿಡಿಸಿ, ಒಂದು ಸಂಸಾರವನ್ನು ಶಾಂತಿನಗರದಲ್ಲಿ ಕೂರಿಸುವುದು. ಮೊದಲ ನಿವಾಸಿ! ಅದಕ್ಕೆ ಗುಲಾಮ್ ಮುಹಮ್ಮದನಿಗಿಂತ ಯೋಗ್ಯ ಯಾರು?

"ಮುದೀರ್, ಸ್ವಲ್ಪ ದೂರ ಆಗ್ತದೆ..."

"ದೂರವೇ?" ಅಬೂ ರಾಕಾನ್ ಬ್ರೋಷರ್ ತೆರೆದು ತೋರಿಸಿದ. "ನಲವತ್ತು ನಿಮಿಷ. ನೀನೇ ಅಳೆದದ್ದು. ಯಲ್ಲಾ, ಮಬ್ರೂಕ್!" ಎಂದು ಅಭಿನಂದಿಸಿದ.

ತಾನೇ ಬರೆದದ್ದನ್ನು ತಾನೇ ಸುಳ್ಳು ಎಂದರೆ ಮುಂದಿನ ಕೇಕ್ ತನಗೇ ಎಂದು ಗುಲಾಮ್ ಮುಹಮ್ಮದನಿಗೆ ಗೊತ್ತಿತ್ತು. ಶುಕ್ರಿಯಾ ಹೇಳಿ ಹೊರಬಂದ.

ಹೆಂಡತಿ ಸಾಲೆಹಾಳಿಗೆ ಮಲಾಜ್ ಎಂದರೆ ಕಟ್ಟಡವಲ್ಲ, ಒಂದು ಪಿಂಗಾಣಿ ತಟ್ಟೆ. ನೀಲಿ ಅಂಚಿನ ಆ ತಟ್ಟೆಯಲ್ಲಿ ಬಿರಿಯಾನಿ ತುಂಬಿ ಎದುರು ಮನೆಯ ನಾಸಿರಾಳಿಗೆ ಕಳಿಸಿದರೆ ಎರಡು ದಿನಕ್ಕೆ ಅದು ಹಲ್ವಾ ಹೊತ್ತು ಮರಳುತ್ತಿತ್ತು. ಅವರಲ್ಲಿ ತಟ್ಟೆಯನ್ನು ಖಾಲಿ ಹಿಂದಿರುಗಿಸುವ ಕ್ರಮ ಇಲ್ಲ. ಹಾಗಾಗಿ ಯಾರೂ ಯಾರ ಋಣವನ್ನೂ ತೀರಿಸದೆ ಒಂಬತ್ತು ವರ್ಷ ಆ ಮೆಟ್ಟಿಲುಗಳಲ್ಲಿ ತಟ್ಟೆ ಹತ್ತಿ ಇಳಿಯಿತು. ಶಾಂತಿನಗರದಲ್ಲಿ ಅದು ಕಪಾಟಿನಲ್ಲಿ ಕೂತಿತು. ಎಡಕ್ಕೆ ಹನ್ನೆರಡು ಖಾಲಿ ಮನೆ, ಬಲಕ್ಕೆ ಹದಿನಾಲ್ಕು. ಕಾಫಿ ಮನೆಯ ಬಾಗಿಲಿಗೆ 'ಶೀಘ್ರದಲ್ಲಿ' ಎಂಬ ಬೋರ್ಡು.

ಕೆಲಸದ ದಿನಗಳಲ್ಲಿ ನಲವತ್ತು ನಿಮಿಷವೆಂದರೆ ಒಂದು ಗಂಟೆ ಐವತ್ತು ನಿಮಿಷ. ಹೋಗುವುದಕ್ಕೆ ಅಷ್ಟು, ಬರುವುದಕ್ಕೆ ಸ್ವಲ್ಪ ಹೆಚ್ಚು. ನಾಲ್ಕು ವರ್ಷದ ಮಗ ಅರ್ಕಮ್ ಅಪ್ಪ ಹೋಗುವಾಗ ಎದ್ದಿರುತ್ತಿರಲಿಲ್ಲ, ಬರುವಾಗ ಎಚ್ಚರ ಇರುತ್ತಿರಲಿಲ್ಲ. ಹತ್ತು ವರ್ಷದ ಮಗಳು ಝಿಕ್ರಾ ಸ್ಕೂಲ್ ಬಸ್ಸಿಗೆ ಕತ್ತಲಲ್ಲೇ ಎದ್ದು, ಬ್ರೋಷರ್ ಓದಿ, "ಅಬ್ಬಾ, ಫಾರ್ಟಿ ಮಿನಿಟ್ಸ್ ಅಂತ ಬರ್ದ ಆ ಸುಳ್ಳುಗಾರ ಯಾರು?" ಎಂದು ಅಪ್ಪನನ್ನು ಕೇಳಿದಳು. ಗುಲಾಮ್ ಮುಹಮ್ಮದ್ ಚಪ್ಪಲಿ ಹುಡುಕತೊಡಗಿದ.

ಸಾಲೆಹಾ ಮೊದಲ ತಿಂಗಳು ಬೈದಳು. "ಆ ಗಡಿಯಾರ ಕೊಡಿ ಇಲ್ಲಿ, ಕಲ್ಲು ಹಾಕಿ ಕುಟ್ತೇನೆ. ನಿಮ್ಮ ನಲವತ್ತು ನಿಮಿಷದಲ್ಲಿ ನನಗೆ ಒಂದು ಮನುಷ್ಯರ ಮುಖ ಸಿಗ್ತದಾ?" ಎರಡನೇ ತಿಂಗಳು ಬೈಗುಳ ನಿಂತಿತು. ಮೂರನೇ ತಿಂಗಳು ಅವಳು ಫ್ರಿಜ್ಜಿನ ಜೊತೆ ಮಾತಾಡುವುದನ್ನು ಗುಲಾಮ್ ಮುಹಮ್ಮದ್ ಕೇಳಿಸಿಕೊಂಡ. ಬೈದರೆ ಸಹಿಸಬಹುದಿತ್ತು, ಇದು ಅವನಿಗೆ ಹೆದರಿಕೆ ಹುಟ್ಟಿಸಿತು. ಇಲ್ಲಿ ಇನ್ನೊಂದು ಸಂಸಾರ ಬರದಿದ್ದರೆ ಇವಳು ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಿಬಿಡುತ್ತಾಳೆ, ಆಮೇಲೆ ಈ ಸಾಲಿನ ಇಪ್ಪತ್ತೇಳು ಮನೆಗೂ ತಾನೊಬ್ಬನೇ ನಿವಾಸಿ ಎಂದು ಅವನಿಗೆ ಖಚಿತವಾಯಿತು.

ಒಂದು ಶನಿವಾರ ಬೆಳಿಗ್ಗೆ ಎದುರು ಮನೆಯ ಮುಂದೆ ಕಾರು ನಿಂತಿತು. ಮನೆ ನೋಡಲು ಬಂದವರು ಕಾಪುವಿನ ಅಬ್ದುಲ್ ಲತೀಫ್ ಮತ್ತು ಅವನ ಹೆಂಡತಿ ಮೈಮೂನತ್. ಅವನಿಗೆ ರಿಯಾದಿನ ಬತ್ತಾ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ. ಫೋನಿನಲ್ಲಿ ಅವನು ಯಾರೊಂದಿಗೋ ಆಡಿದ ಕನ್ನಡ ಕಿಟಕಿಯಿಂದ ಕೇಳಿದ್ದೇ ತಡ, ಸಾಲೆಹಾ ಒಲೆ ಆರಿಸುವುದನ್ನೂ ಮರೆತು ಓಡಿದಳು. ಇವಳ ನವಾಯತಿ ಭಾಷೆ ಅವರಿಗೆ ಬಾರದು, ಅವರ ಬ್ಯಾರಿ ಭಾಷೆ ಇವಳಿಗೆ ಬಾರದು. ಕನ್ನಡವೇ ಸಾಕಾಯಿತು.

"ಇಷ್ಟು ಹೊತ್ತು ಎಲ್ಲಿದ್ರಿ ಮಾರಾಯ್ರೆ? ಬನ್ನಿ ಬನ್ನಿ, ಚಾ ಕುಡೀದೆ ಮನೆ ನೋಡ್ಲಿಕ್ಕೆ ಉಂಟಾ?"

ಮೈಮೂನತ್ ಅಡುಗೆಮನೆ ಸೇರಿದಳು. ಮೂರು ತಿಂಗಳ ನಂತರ ಆ ಮನೆಯಲ್ಲಿ ಇಬ್ಬರು ಹೆಂಗಸರು ಒಟ್ಟಿಗೆ ನಕ್ಕ ಸದ್ದು ಕೇಳಿತು. ಅಬ್ದುಲ್ ಲತೀಫ್ ಚಹಾ ಹೀರಿ ಬ್ರೋಷರ್ ತೆಗೆದ.

"ಭಾಯ್, ನೀವು ನಮ್ಮ ಕಡೆಯವರು, ಅದಕ್ಕೇ ಕೇಳೋದು. ಇದ್ರಲ್ಲಿ ನಲವತ್ತು ನಿಮಿಷ ಅಂತ ಉಂಟು. ಇವತ್ತು ನಮ್ಗೆ ದಾರಿ ತಪ್ಪಿ ಐವತ್ತಾಯ್ತು. ಸತ್ಯ ಹೇಳಿ, ಕೆಲ್ಸದ ದಿವ್ಸ ಎಷ್ಟಾಗ್ತದೆ? ನನ್ಗೆ ಸಣ್ಣ ಮಗು ಉಂಟು."

ಗುಲಾಮ್ ಮುಹಮ್ಮದ್ ಚಹಾದ ಲೋಟ ಕೆಳಗಿಟ್ಟ. ಕಾಗದದಲ್ಲಿ ಸಾವಿರ ಜನಕ್ಕೆ ಹೇಳಿದ್ದು ಬೇರೆ. ತನ್ನ ಮನೆಯ ಚಹಾ ಕುಡಿಯುತ್ತಿರುವ, ಮಗುವಿನ ಅಪ್ಪನ ಮುಖ ನೋಡಿ ಹೇಳುವುದು ಬೇರೆ. ಕೆಲಸ ಹೋದರೆ ಹೋಗಲಿ, ಇವನಿಗೆ ಸತ್ಯ ಹೇಳಿಯೇಬಿಡುತ್ತೇನೆ ಎಂದು ಬಾಯಿ ತೆರೆದ.

"ನಲವತ್ತೇ," ಎಂದು ಸಾಲೆಹಾ ಅಡುಗೆಮನೆಯ ಬಾಗಿಲಲ್ಲಿ ಹೇಳಿದಳು. "ಜಾಸ್ತಿ ಅಂದ್ರೆ ಐದು ನಿಮಿಷ ಆಚೆ ಈಚೆ. ಇವ್ರು ದಿನಾ ಹೋಗಿ ಬರ್ತಾರಲ್ಲ."

ಅವಳು ಗಂಡನ ಕಡೆ ನೋಡಲಿಲ್ಲ. ಕೈಯಲ್ಲಿ ನೀಲಿ ಅಂಚಿನ ತಟ್ಟೆ ಇತ್ತು, ಬಿರಿಯಾನಿ ತುಂಬಿ ಮೇಲೆ ಬಟ್ಟೆ ಮುಚ್ಚಿತ್ತು. ಅದನ್ನು ಮೈಮೂನತ್ ಕೈಗೆ ಕೊಟ್ಟು, "ತಟ್ಟೆಗೆ ಗಡಿಬಿಡಿ ಇಲ್ಲ, ಇಲ್ಲಿಗೆ ಬಂದ ಮೇಲೆ ಕೊಡಿ," ಎಂದಳು.

ಅಬ್ದುಲ್ ಲತೀಫ್ ಗುಲಾಮ್ ಮುಹಮ್ಮದನ ಮುಖ ನೋಡಿದ. ಡರ್ಮಟ್‌ನ ಊರಿನ ಆರು ಸಾವಿರ ಮನೆ ಹೇಗೆ ತುಂಬಿತು ಎಂಬುದು ಗುಲಾಮ್ ಮುಹಮ್ಮದನಿಗೆ ಆಗ ಅರ್ಥವಾಯಿತು.

"ನಲವತ್ತೊಂದು," ಎಂದ ಅವನು. "ನಾನೇ ಅಳೆದಿದ್ದೇನೆ."