ಒಳಗೇ ಉಳಿದ ಒಳಲೆ

ನಾನೊಂದು ಬೆಳ್ಳಿಯ ಒಳಲೆ. ಹಸುಗೂಸಿನ ಬಾಯಿಗೆ ಹಾಲು, ಹರಳೆಣ್ಣೆ ಹನಿಸಲೆಂದು ಮೂತಿ ಪಡೆದು ಹುಟ್ಟಿದ ಪುಟ್ಟ ಬಟ್ಟಲು. ಮಾತಿನಲ್ಲಿ ಜನ ನನ್ನನ್ನು ‘ಒಳ್ಳೆ’ ಎನ್ನುತ್ತಾರೆ. ಒಳ್ಳೆಯದು ಮಾಡಲು ಬಿಟ್ಟವರು ಕಡಿಮೆ. ತಿಪಟೂರಿನ ಅಕ್ಕಸಾಲಿ ನನ್ನನ್ನು ತಟ್ಟಿ, ಬಗ್ಗಿಸಿ, ಮಗುವಿಗೆ ಚುಚ್ಚೀತೆಂದು ಮೂತಿಯನ್ನು ತನ್ನ ತುಟಿಗೇ ಒತ್ತಿ ನೋಡಿ ನುಣುಪು ಮಾಡಿದ.

ನಾಗವೇಣಿಯ ತಾಯಿ ಮಗಳ ಮದುವೆಯಲ್ಲೇ ನನ್ನನ್ನು ಕೊಟ್ಟರು. ಅತ್ತೆ ಪಂಕಜಮ್ಮ ಬಟ್ಟೆಯಲ್ಲಿ ಸುತ್ತಿ ಬೀರುವಿನ ಒಳಲಾಕರಿಗೆ ಹಾಕಿದರು. ಒಳಲೆಗೆ ಒಳಲಾಕರು: ಹೆಸರಿಗೆ ತಕ್ಕ ಜೈಲು. ಮನೆಯ ಮಗು ಬಾಯಿಡುವ ತನಕ ಬೇರೆ ಯಾರೂ ಮುಟ್ಟಕೂಡದೆಂಬುದು ಅವರ ಕಾನೂನು. ಸ್ವಂತ ಮಗಳು ತನ್ನ ಕೂಸಿಗೆಂದು ಕೇಳಿದಾಗಲೂ ಕೊಡಲಿಲ್ಲ.

ಅಲ್ಲಿಂದಲೇ ನಾನು ಹದಿನಾಲ್ಕು ವರ್ಷದ ಸಂಸಾರ ಕೇಳಿದೆ. ಬಂದವರೆಲ್ಲರ ಪ್ರಶ್ನೆ ಒಂದೇ: ‘ಏನಮ್ಮ, ವಿಶೇಷ?’ ನಾಗವೇಣಿ ಶಾಲೆಯಲ್ಲಿ ಹೆಡ್ ಮಿಸ್ ಆದಳು, ಅದು ವಿಶೇಷವಲ್ಲ. ಮನೆ ಕಟ್ಟಿಸಿದಳು, ಅದೂ ಅಲ್ಲ. ಆ ಮನೆಯಲ್ಲಿ ಪುಟ್ಟ ಎಂಬುದಿದ್ದರೆ ಗಂಡ ಪುಟ್ಟಸ್ವಾಮಿಯ ಹೆಸರಿನಲ್ಲಿ ಮಾತ್ರ. ಮಂತ್ರಿಸಿದ ಫಲ ತಿಂದಳು, ಫಲ ಕಾಣಲಿಲ್ಲ. ಆಮೇಲೆ ಆಸ್ಪತ್ರೆ, ಸೂಜಿ, ಸ್ಕ್ಯಾನು. ಮೂರು ಸಲ ಆಸೆ, ಮೂರು ಸಲ ರಕ್ತ. ಹಾಗಾದ ದಿನ ಸೀರೆ ಹುಡುಕುವ ನೆವದಲ್ಲಿ ಬೀರು ತೆಗೆದು, ನನ್ನೆದುರು ನಿಂತು ಅಳುತ್ತಿದ್ದಳು. ಇಬ್ಬರೂ ಸೆರೆಯವರೇ, ಕಣ್ಣಿಗೆ ಕಾಣುವ ಬೀಗ ನನ್ನದು ಮಾತ್ರ.

ಅವಳಿಗೆ ನಲವತ್ಮೂರಾದಾಗ ಡಾಕ್ಟರು ಇನ್ನು ಬೇಡ ಎಂದರು. ಗಂಡ ಹೆಂಡತಿ ಬೀರುವಿನ ಮುಂದೆಯೇ ಕೂತು ಮಾತಾಡಿ, ಒಪ್ಪಿಕೊಂಡರು. ಅಮ್ಮನಿಗೆ ನಾನು ಹೇಳುತ್ತೇನೆ ಎಂದ ಪುಟ್ಟಸ್ವಾಮಿ. ಹೇಳಲಿಲ್ಲ.

ಯುಗಾದಿ ಬಂತು. ನೆಂಟರೆಲ್ಲ ಎಲೆ ಮುಂದೆ ಕೂತಿದ್ದಾಗ ಪಂಕಜಮ್ಮ ಸಾರಿದ್ದು ನನಗೆ ಒಳಗೇ ಕೇಳಿಸಿತು: ಸೋಮವಾರದಿಂದ ಸೊಸೆಗೆ ಹೊಸ ಪಂಡಿತರ ಕಷಾಯ, ನಲವತ್ತೆಂಟು ದಿನ. ಪುಟ್ಟಸ್ವಾಮಿಯ ಕಡೆಯಿಂದ ಹಪ್ಪಳ ಮುರಿದ ಸದ್ದಷ್ಟೇ ಬಂತು. ನಾಗವೇಣಿ ಕೋಣೆಗೆ ಬಂದಳು, ಬೀಗ ತೆಗೆದಳು, ನನ್ನನ್ನು ಊಟದ ಪಂಕ್ತಿಗೆ ಒಯ್ದು ತುಪ್ಪದ ಪಾತ್ರೆಯಲ್ಲಿ ಅದ್ದಿದಳು. ಬಿಸಿಗೆ ಮೈ ಜುಮ್ಮೆಂದಿತು.

“ಅತ್ತೆ, ಇದ್ರಲ್ಲಿ ಕುಡಿಯೋ ಮಗು ಬರಲ್ಲ. ನಂಗೆ ಕಷಾಯಾನೂ ಬೇಡ. ಹೋಳಿಗೆಗೆ ತುಪ್ಪ ಹಾಕ್ತೀನಿ.”

ಪಂಕಜಮ್ಮ ಮಗನ ಕಡೆ ತಿರುಗಿದರು.

“ಡಾಕ್ಟ್ರು ಬೇಡ ಅಂದು ಆರು ತಿಂಗಳಾಯ್ತಮ್ಮ,” ಎಂದ ಅವನು. “ನಾನೇ ನಿಂಗೆ ಹೇಳ್ಲಿಲ್ಲ. ನಂಗೂ ಹಾಕು, ವೇಣಿ.”

ಅವಳು ಮೊದಲು ಅತ್ತೆಗೇ ಹಾಕಿದಳು. ಒಂದು ಸಲ, ಎರಡು ಸಲ, ಮೂರು ಸಲ. ಹೋಳಿಗೆ ಮುಳುಗಿ ತುಪ್ಪ ಎಲೆಯಂಚಿಗೆ ಹರಿದರೂ ಪಂಕಜಮ್ಮ ಕೈ ಅಡ್ಡ ಹಿಡಿಯಲಿಲ್ಲ. ಕೊನೆಗೆ, “ಸಾಕು ಕಣೇ,” ಎಂದರು. ತುಪ್ಪಕ್ಕೆ ಹೇಳಿದರೋ, ಹದಿನಾಲ್ಕು ವರ್ಷಕ್ಕೆ ಹೇಳಿದರೋ, ಯಾರೂ ಕೇಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ವಿಭೂತಿಯಲ್ಲಿ ತಿಕ್ಕಿಸಿಕೊಂಡು ಅಂಚು ಸವೆದಿದೆ. ಅಡುಗೆಮನೆಯ ಗೂಡಿನಲ್ಲಿ ನನ್ನ ಜಾಗ. ಬಿಡುಗಡೆಯೆಂದರೆ ಇಷ್ಟೇ: ಈ ಗೂಡಿಗೆ ಬಾಗಿಲಿಲ್ಲ. ಮಿಕ್ಕ ಪಾತ್ರೆಗಳನ್ನು ಸರಸರನೆ ತೊಳೆದು ಮುಗಿಸುವ ನಾಗವೇಣಿಯ ಹೆಬ್ಬೆರಳು ನನ್ನ ಹೊಟ್ಟೆಯೊಳಗೆ ಮಾತ್ರ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದೆ. ನಾನೂ ಅವಸರ ಮಾಡುವುದಿಲ್ಲ.