ಎಲ್ಲವೂ ಕಳ್ಳಿಯಲ್ಲ

ವಾಣಿಶ್ರೀ ಬೇಸ್‌ಮೆಂಟಿನ ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಗಂಡ ಪಂಚಾಕ್ಷರಿ ಹಿತ್ತಲ ಗಾಜಿನ ಬಾಗಿಲು ತೆರೆದು, ಮೂರನೆಯ ಕುಂಡವನ್ನು ಹಿಮಕ್ಕೆ ಬೀಸಿ ಒಗೆದಿದ್ದ. ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್. ಬೆಚ್ಚಗೆ ಬೆಳೆದ ಮರುಭೂಮಿಯ ಸಸಿಗಳು ಆ ಚಳಿಗೆ ಗಳಿಗೆ ಹೊತ್ತೂ ತಾಳುವಂಥವಲ್ಲ.

"ಏನ್ ಮಾಡಾಕತ್ತೀರಿ? ಹುಚ್ಚ್ ಹಿಡದೈತೇನು?"

"ಅವ್ವ ಫೋನಿನ್ಯಾಗ ಬಡಕೊಂಡ್ಲು, ಮನ್ಯಾಗ ಮುಳ್ಳಿನ ಗಿಡ ಇಡಬ್ಯಾಡ್ರಿ ಅಂತ. ಇಟ್ಟಿ. ನನ್ನ ನೌಕರಿ ಹೋತು! ಎಲ್ಲಾ ಕಳ್ಳಿ, ಒಂದೂ ಉಳಸಂಗಿಲ್ಲ!"

ಎಲ್ಲಾ ಕಳ್ಳಿಯಂತೆ! ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ದುಡಿಯಲು ಬಿಡದ ವೀಸಾದ ದೆಸೆಯಿಂದ ಅಮೆರಿಕದ ಈ ವುಡ್‌ರಿಡ್ಜಿನಲ್ಲಿ ಕೈಕಟ್ಟಿ ಕೂತಿದ್ದವಳು ಬೀಜದಿಂದ ಎಬ್ಬಿಸಿದ ಸಂಸಾರ ಅದು. ಒಂದು ಮೈಯೊಳಗೇ ನೀರು ತುಂಬಿಕೊಳ್ಳುವಂಥದು, ಇನ್ನೊಂದು ಪಾತಾಳಕ್ಕೆ ಬೇರಿಳಿಸುವಂಥದು, ಮತ್ತೊಂದು ಎಲೆಯೆಲ್ಲ ಉದುರಿಸಿ ಸತ್ತಂತೆ ನಿಂತು ಮಳೆ ಬಿದ್ದರೆ ಚಿಗುರುವಂಥದು. ನಾಳೆ ಸಸ್ಯೋದ್ಯಾನದವರು ಬಂದು ನೋಡುವವರಿದ್ದರು. ದುಡಿಯುವ ಪರವಾನಗಿ ಈಗಷ್ಟೇ ಕೈಸೇರಿತ್ತು; ಅವರು ಮೆಚ್ಚಿದರೆ ಅಲ್ಲಿನ ಮರುಭೂಮಿ ವಿಭಾಗದಲ್ಲಿ ಆಕೆಗೆ ಕೆಲಸ, ಈ ದೇಶದಲ್ಲಿ ಮೊದಲನೆಯದು.

ಆಕೆ ಗಿಡಗಳಿದ್ದ ಕಬ್ಬಿಣದ ಕಪಾಟಿಗೆ ಅಡ್ಡ ನಿಂತಳು. ಪಂಚಾಕ್ಷರಿ ಕಪಾಳಕ್ಕೆ ಬಿಟ್ಟ. ತಲೆ ಕಬ್ಬಿಣಕ್ಕೆ ಬಡಿದು, ತುಟಿ ಒಡೆದು, ಬಾಯೆಲ್ಲ ರಕ್ತ. ಮೆಟ್ಟಿಲ ಮೇಲಿಂದ ಮಗಳು ಧೃತಿ, "ಡ್ಯಾಡ್, ಸ್ಟಾಪ್ ಇಟ್!" ಎಂದು ಚೀರಿದಳು. ಕೇಳುವ ಸ್ಥಿತಿಯಲ್ಲಿ ಅವನೆಲ್ಲಿದ್ದ? ಹೆಂಡತಿಯನ್ನು ಒದ್ದು ಸರಿಸಿ, ಕೈಗೆ ಸಿಕ್ಕ ಗಿಡದ ಕುತ್ತಿಗೆ ಹಿಡಿದ.

ಅದು ಚೋಯಾ ಎಂಬ ಕಳ್ಳಿ. ಬಂಗಾರದ ಬಣ್ಣದ ಮುಳ್ಳು, ತುದಿಯಲ್ಲಿ ಗಾಳದಂಥ ಕೊಕ್ಕೆ. ಗೆಣ್ಣೊಂದು ಕಿತ್ತುಬಂದು ಅಂಗೈಗೆ ಕಚ್ಚಿಕೊಂಡಿತು. ಬಿಡಿಸಲು ಹೋದ ಇನ್ನೊಂದು ಕೈಯೂ ಅದಕ್ಕೇ ಸಿಕ್ಕಿಕೊಂಡಿತು. ನಮಸ್ಕಾರ ಮಾಡುವವನಂತೆ ಎರಡೂ ಕೈ ಜೋಡಿಸಿಕೊಂಡು ಬೊಬ್ಬೆಯಿಟ್ಟ.

"ತಗೀ ವಾಣಿ, ಸಾಯ್ತೀನಿ!"

ಸಾಯುವುದಿಲ್ಲವೆಂದು ಆಕೆಗೆ ಗೊತ್ತು. ಮೊದಲು ಎದ್ದು, ಚಳಿ ನುಗ್ಗುತ್ತಿದ್ದ ಗಾಜಿನ ಬಾಗಿಲು ಮುಚ್ಚಿದಳು. "ಧೃತಿ, ಪೊಲೀಸರಿಗೆ ಫೋನ್ ಹಚ್ಚು," ಎಂದಳು.

"ವಾಟ್ ಡು ಐ ಸೇ?"

"ಏನ್ ನೋಡಿದೀ, ಅದನ್ನ."

ಆಮೇಲೆ ಬಾಚಣಿಗೆ ತಂದು, ಗೆಣ್ಣಿನ ಅಡಿಗೆ ತೂರಿಸಿ ಜಗ್ಗಿದಳು. ಚರ್ಮದ ಚೂರಿನೊಂದಿಗೆ ಕಿತ್ತು ಬಂತು. ಪಂಚಾಕ್ಷರಿ ನೆಲಕ್ಕೆ ಕುಸಿದು ಅತ್ತ. "ಫೋನ್ ಬ್ಯಾಡ. ಇನ್ನ ಮುಟ್ಟಂಗಿಲ್ಲ ನಿನ್ನ."

"ಸುಮ್ನ ಕುಂಡ್ರು." ಮದುವೆಯಾದಂದಿನಿಂದ ಗಂಡನಿಗೆ ಆಕೆ 'ರೀ' ಇಲ್ಲದೆ ಆಡಿದ ಮೊದಲ ಮಾತು ಅದು.

ಚೋಯಾ ಬೆಳೆಯುವುದೇ ಹೀಗೆ. ಕಿತ್ತುಹೋದ ಗೆಣ್ಣು ಬಿದ್ದಲ್ಲೇ ಬೇರು ಬಿಡುತ್ತದೆ. ವಾಣಿಶ್ರೀ ಚಿಕ್ಕ ಕುಂಡಕ್ಕೆ ಮರಳು ತುಂಬಿ, ಗಂಡನ ಕೈಯಿಂದ ಕಿತ್ತ ಗೆಣ್ಣನ್ನು ರಕ್ತ ಒರೆಸದೆ ಊರಿ, ನಾಳೆ ತೋರಿಸಲೆಂದು ಉಳಿದ ಗಿಡಗಳ ಸಾಲಿನಲ್ಲಿಟ್ಟಳು.